ಊರಿನ ಊಟ, ಊರಿನ ಉಡುಗೆ: ಓದಲು ಹೊರದೇಶಕ್ಕೆ ಹೊರಟ ನಮ್ಮ ಭಾಗದ ಮಕ್ಕಳಿಗೊಂದು ಮಾರ್ಗದರ್ಶಿ

ಹೊರದೇಶದ ಬಹಳಷ್ಟು ವಿಶ್ವವಿದ್ಯಾಲಯಗಳಲ್ಲಿ ವರ್ಷಕ್ಕೊಂದು ಸಂಜೆ ಊರಿನ ಊಟ, ಉಡುಗೆ ತೋರಿಸಲೆಂದೇ ಇರುತ್ತದೆ. ಬೇರೆ ಬೇರೆ ದೇಶದ ಹುಡುಗ ಹುಡುಗಿಯರು ತಮ್ಮ ನಾಡಿನ ಬಟ್ಟೆ ಹಾಕಿಕೊಂಡು, ತಮ್ಮ ಅಡುಗೆ ಮಾಡಿಟ್ಟು, ಉಳಿದವರನ್ನು ಕರೆಯುತ್ತಾರೆ. ಭಾರತದ ಟೇಬಲ್ ಮೇಲೆ ಸಾಮಾನ್ಯವಾಗಿ ಸಮೋಸ, ಬಟರ್ ಚಿಕನ್, ಡಬ್ಬಿಯಿಂದ ತೆಗೆದ ಗುಲಾಬ್ ಜಾಮೂನು ಇರುತ್ತವೆ. ಆ ಟೇಬಲ್ ಹಿಂದೆ ಸಿಂಧನೂರಿನವರೂ ನಿಂತಿರುತ್ತಾರೆ, ಕುಷ್ಟಗಿಯವರೂ ನಿಂತಿರುತ್ತಾರೆ. ಅವರ ಮನೆಯಲ್ಲಿ ಈ ಮೂರರಲ್ಲಿ ಯಾವುದೂ ದಿನದ ಊಟವಲ್ಲ. ಯಾರಾದರೂ ಬಂದು, ‘ನಿಮ್ಮ ಮನೆಯಲ್ಲಿ ಇದನ್ನು ಹೇಗೆ ಮಾಡುತ್ತಾರೆ?’ ಎಂದು ಕೇಳಿದರೆ ಹೇಳಲು ಏನೂ ಇರುವುದಿಲ್ಲ.

ಹಾಗಾಗಿ ನನ್ನ ಮೊದಲ ಮಾತು ಇದು. ಭಾರತವನ್ನೆಲ್ಲ ಒಂದೇ ಟೇಬಲ್ ಮೇಲೆ ತೋರಿಸಲು ಹೋಗಬೇಡಿ. ನಿಮ್ಮ ಮನೆಯಲ್ಲಿ ಸುಮ್ನೆ ಒಂದು ಮಂಗಳವಾರ ಏನು ತಿನ್ನುತ್ತೀರೋ ಅದನ್ನು ಒಯ್ಯಿರಿ. ನಿಮ್ಮ ಅವ್ವ, ಅಜ್ಜಿ ಏನು ಉಡುತ್ತಾರೋ ಅದನ್ನು ಒಯ್ಯಿರಿ. ಅದರ ಬಗ್ಗೆ ನಿಮಗೆ ಗೊತ್ತಿರುತ್ತದೆ, ಪ್ರೀತಿಯೂ ಇರುತ್ತದೆ. ತಿನ್ನುವವರಿಗೆ ಅದು ತಿಳಿಯುತ್ತದೆ. ನಾನು ಓದಿದ್ದು ಇಂಗ್ಲೆಂಡಿನಲ್ಲಿ. ಈಗ ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಭಾಗದಿಂದ ಹೊರಡುವ ಹುಡುಗರು ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನೆಲ್ಲ ಸೇರಿಸಿ ಇದನ್ನು ಬರೆದಿದ್ದೇನೆ.

ಹೊರಡುವ ಮೊದಲು, ಮನೆಯಲ್ಲೇ

ವೀಸಾ ಬಂದ ಮೇಲೆ ಎಲ್ಲರೂ ಪೇಟೆ ಸುತ್ತುತ್ತಾರೆ. ಅದಕ್ಕಿಂತ ಮುಖ್ಯ ಕೆಲಸ ಅಡುಗೆಮನೆಯಲ್ಲಿದೆ. ಒಂದು ಪಲ್ಯ, ಒಂದು ಚಟ್ನಿಪುಡಿ, ಒಂದು ತಿಂಡಿ, ಈ ಮೂರನ್ನು ನಿಮ್ಮ ಕೈಯಿಂದಲೇ ಮಾಡಿ ಕಲಿಯಿರಿ. ಅವ್ವನ ಅಳತೆ ಹಿಡಿ, ಚಿಟಿಕೆ, ‘ನೋಡ್ಕೊಂಡು ಹಾಕು’ ಇಷ್ಟೇ ಇರುತ್ತದೆ. ಅವರು ಹಾಕುವ ಮೊದಲು ಅದನ್ನು ಒಂದು ಬಟ್ಟಲಲ್ಲಿ ಹಿಡಿದು, ಚಮಚದಲ್ಲಿ ಅಳೆದು ಬರೆದುಕೊಳ್ಳಿ. ಹುರಿಯುವಾಗ ಬಣ್ಣ ಎಲ್ಲಿಯವರೆಗೆ ಬರಬೇಕು ಎಂಬುದನ್ನು ವಿಡಿಯೋ ಮಾಡಿಕೊಳ್ಳಿ. ಗುರೆಳ್ಳು (ಹುಚ್ಚೆಳ್ಳು) ಮೊದಲೇ ಕಪ್ಪು. ಅದು ಹುರಿದದ್ದು ಕಣ್ಣಿಗೆ ಕಾಣುವುದಿಲ್ಲ, ಚಟಪಟ ಸದ್ದು ಮತ್ತು ವಾಸನೆಯಿಂದ ತಿಳಿಯಬೇಕು. ಇಂಥದ್ದನ್ನು ಯಾವ ಯೂಟ್ಯೂಬ್ ಚಾನಲ್ಲಿಗಿಂತ ಅವ್ವನೇ ಚೆನ್ನಾಗಿ ಹೇಳುತ್ತಾರೆ.

ಸೀರೆಯದೂ ಹಾಗೆಯೇ. ಯಾರ ಸಹಾಯವೂ ಇಲ್ಲದೆ ಉಡಲು ಬರುವವರೆಗೆ ಉಟ್ಟು ಬಿಚ್ಚಿ ಅಭ್ಯಾಸ ಮಾಡಿ. ಗಂಡುಮಕ್ಕಳು ಧೋತರ ಉಡುವುದನ್ನು, ರುಮಾಲು ಸುತ್ತುವುದನ್ನು ಅಜ್ಜನಿಂದಲೋ ಕಾಕಾನಿಂದಲೋ ಕಲಿಯಿರಿ. ರುಮಾಲಂತೂ ಕನ್ನಡಿ ಮುಂದೆ ಒಬ್ಬರೇ ಸುತ್ತಿಕೊಳ್ಳುವುದು ಸುಲಭವಲ್ಲ. ಇನ್ನೊಬ್ಬರ ತಲೆಗೆ ಸುತ್ತಲು ಬಂದರೆ ಇನ್ನೂ ಒಳ್ಳೆಯದು, ಏಕೆಂದರೆ ಅಲ್ಲಿ ಎಲ್ಲರೂ ‘ನನಗೂ ಸುತ್ತು’ ಎಂದು ಕೇಳುತ್ತಾರೆ.

ಪೆಟ್ಟಿಗೆಗೆ ಏನು ಹಾಕಬೇಕು

ನಮ್ಮ ಕಡೆಯ ಅಡುಗೆ ಪ್ರಯಾಣಕ್ಕೆಂದೇ ಹುಟ್ಟಿದಂತಿದೆ. ಕಡಕ್ ರೊಟ್ಟಿ ಒಣಗಿರುವುದರಿಂದ ವಾರಗಟ್ಟಲೆ ಕೆಡುವುದಿಲ್ಲ. ಕೊಪ್ಪಳದ ಗವಿಮಠದ ಜಾತ್ರೆ ನೋಡಿದವರಿಗೆ ಇದು ಗೊತ್ತು. ಜಾತ್ರೆಗೆ ಎಷ್ಟೋ ದಿನ ಮೊದಲೇ ಸುತ್ತಲಿನ ಹಳ್ಳಿಗಳಲ್ಲಿ ರೊಟ್ಟಿ ಬಡಿದು, ಒಣಗಿಸಿ, ದಾಸೋಹಕ್ಕೆ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬರುತ್ತಾರೆ. ಅದೇ ರೊಟ್ಟಿ ನಿಮ್ಮ ಪೆಟ್ಟಿಗೆಯಲ್ಲೂ ಸಮುದ್ರ ದಾಟುತ್ತದೆ. ಬಟ್ಟೆಗಳ ನಡುವೆ ಹಾಗೇ ಇಡಬೇಡಿ. ಅಗಲವಾದ ಗಟ್ಟಿ ಡಬ್ಬಿಯಲ್ಲಿ, ರೊಟ್ಟಿಗಳ ನಡುವೆ ಕಾಗದ ಹಾಸಿ, ಅಲುಗಾಡದ ಹಾಗೆ ತುಂಬಿ. ಸಜ್ಜಿ ರೊಟ್ಟಿಯನ್ನು ಕಡಿಮೆ ಒಯ್ಯಿರಿ. ಸಜ್ಜೆಯಲ್ಲಿ ಎಣ್ಣೆಯ ಅಂಶ ಜಾಸ್ತಿ, ಬೇಗ ಕಹಿಯಾಗುತ್ತದೆ. ಒಂದಷ್ಟು ರೊಟ್ಟಿ ಮುರಿದೇ ಮುರಿಯುತ್ತವೆ. ಅವನ್ನು ಎಸೆಯಬೇಡಿ. ಮುರುಕು ರೊಟ್ಟಿಗೆ ಮೊಸರು ಹಾಕಿ, ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿದರೆ ಪರೀಕ್ಷೆಯ ದಿನಗಳಲ್ಲಿ ಅದೇ ಒಂದು ಊಟ.

ಆಮೇಲೆ ಚಟ್ನಿಪುಡಿಗಳು. ಶೇಂಗಾ, ಅಗಸಿ, ಗುರೆಳ್ಳು, ಪುಟಾಣಿ (ಹುರಿಗಡಲೆ). ಎಲ್ಲವನ್ನೂ ಹುರಿದು, ಪುಡಿ ಮಾಡಿ, ಪೂರ್ತಿ ಆರಿದ ಮೇಲೆ ಗಾಳಿಯಾಡದ ಹಾಗೆ ಪ್ಯಾಕ್ ಮಾಡಿಸಿ. ಇಡೀ ಕಾಳು ಒಯ್ದು ಅಲ್ಲಿ ಪುಡಿ ಮಾಡುತ್ತೇನೆ ಎಂದುಕೊಳ್ಳಬೇಡಿ. ಕಾಳು, ಬೀಜಗಳ ಮೇಲೆ ಹೆಚ್ಚಿನ ದೇಶಗಳಲ್ಲಿ ಕಟ್ಟುನಿಟ್ಟು ಇದೆ. ಅಮೆರಿಕಕ್ಕೆ ಹೋಗುವವರಿಗೆ ಇನ್ನೊಂದು ತೊಡಕು. ಅಲ್ಲಿಯ ಕರೆಂಟು 120 ವೋಲ್ಟ್, ನಮ್ಮದು 230. ಊರಿನ ಮಿಕ್ಸಿ ಅಲ್ಲಿ ಸರಿಯಾಗಿ ತಿರುಗುವುದಿಲ್ಲ. ಇಂಗ್ಲೆಂಡ್, ಜರ್ಮನಿಯಲ್ಲಿ ಆ ತೊಂದರೆ ಇಲ್ಲ, ಪ್ಲಗ್ಗಿಗೆ ಅಡಾಪ್ಟರ್ ಇದ್ದರೆ ಸಾಕು. ಗುರೆಳ್ಳು ಬೇಕೆಂದು ಅಮೆರಿಕದ ಅಂಗಡಿಗಳಲ್ಲಿ ಹುಡುಕಿದರೆ ಹಕ್ಕಿಗಳಿಗೆ ಹಾಕುವ ಕಾಳಿನ ಚೀಲದಲ್ಲಿ ಸಿಗುತ್ತದೆ. ಅದು ಹಕ್ಕಿಗಳಿಗೆಂದೇ ಮಾಡಿದ್ದು, ಅಡುಗೆಗೆ ಬಳಸಬೇಡಿ.

ಸಿಹಿಗೆ ಮಾದಲಿ, ಅಂದರೆ ಗೋಧಿ, ಬೆಲ್ಲದ ಪುಡಿಸಿಹಿ ಒಯ್ಯಿರಿ. ಒಣಗಿರುತ್ತದೆ, ಹಗುರ, ಎರಡು ಚಮಚ ಕೊಟ್ಟರೂ ಬಾಯಿ ತುಂಬುತ್ತದೆ. ಶೇಂಗಾ ಹೋಳಿಗೆಯೂ ಕೆಲವು ದಿನ ತಡೆಯುತ್ತದೆ. ಕೋವಾದಿಂದ ಮಾಡಿದ ಪೇಢೆ, ಬರ್ಫಿ ಬೇಡವೇ ಬೇಡ. ಯುರೋಪಿಯನ್ ಒಕ್ಕೂಟದ ದೇಶಗಳಿಗೂ ಇಂಗ್ಲೆಂಡಿಗೂ ಭಾರತದಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಸ್ವಂತ ಬಳಕೆಗೂ ಒಯ್ಯುವಂತಿಲ್ಲ. ಮನೆಯ ತುಪ್ಪವೂ ಇದರಲ್ಲಿ ಬರುತ್ತದೆ. ಅವ್ವನಿಗೆ ಬೇಸರವಾಗುತ್ತದೆ, ಆದರೂ ಮೊದಲೇ ಹೇಳಿಬಿಡಿ. ಮಾದಲಿಗೆ ತುಪ್ಪವನ್ನು ಅಲ್ಲಿಯೇ ಕೊಂಡು ಹಾಕಿಕೊಂಡರಾಯಿತು.

ಉಳಿದ ನಿಯಮಗಳಲ್ಲಿ ನಮ್ಮ ಭಾಗದವರು ಗಮನಿಸಬೇಕಾದವು ಇವು:

ಅಮೆರಿಕಕ್ಕೆ ಅಕ್ಕಿ, ಕಡಲೆಕಾಳು, ಕುಸುಬೆ ಕಾಳು ಒಯ್ಯಬೇಡಿ. ಖಾಪ್ರಾ ಎಂಬ ಉಗ್ರಾಣದ ಹುಳ ಇರುವ ದೇಶಗಳಿಂದ ಇವು ಪ್ರಯಾಣಿಕರ ಸಾಮಾನಿನಲ್ಲಿ ಬರಬಾರದು ಎಂಬ ನಿಯಮವಿದೆ, ಭಾರತ ಆ ಪಟ್ಟಿಯಲ್ಲಿದೆ. ಗಂಗಾವತಿಯ ಸೋನಾ ಮಸೂರಿಯೇ ಬೇಕು ಅನ್ನಿಸಿದರೂ ಅಲ್ಲಿಯ ಇಂಡಿಯನ್ ಅಂಗಡಿಯಲ್ಲಿ ಸೋನಾ ಮಸೂರಿ ಚೀಲ ಸಿಗುತ್ತದೆ.

ಹಸಿ ಕರಿಬೇವು ಅಮೆರಿಕಕ್ಕೂ ಯುರೋಪಿಗೂ ನಡೆಯುವುದಿಲ್ಲ. ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಕೀಟ ಅದರ ಎಲೆಯಲ್ಲಿ ಬರುತ್ತದೆ ಎಂಬ ಕಾರಣಕ್ಕೆ. ಕರಿಬೇವನ್ನು ಎಣ್ಣೆಯಲ್ಲಿ ಹುರಿದು ಚಟ್ನಿಪುಡಿಯಲ್ಲೇ ಸೇರಿಸಿಬಿಡಿ.

ಆಸ್ಟ್ರೇಲಿಯಾ, ನ್ಯೂಜಿಲೆಂಡಿಗೆ ಹೋಗುವವರು ಪ್ರಯಾಣಿಕರು ತುಂಬುವ ಘೋಷಣಾ ಪತ್ರದಲ್ಲಿ ಆಹಾರ ಇದೆ ಎಂದು ತಪ್ಪದೆ ಗುರುತು ಹಾಕಬೇಕು. ಹೇಳಿಕೊಂಡರೆ ನೋಡಿ ಬಿಡುತ್ತಾರೆ, ಇಲ್ಲವೇ ಆ ಪದಾರ್ಥ ತೆಗೆದುಕೊಳ್ಳುತ್ತಾರೆ, ಅಷ್ಟೇ. ಮುಚ್ಚಿಟ್ಟರೆ ನ್ಯೂಜಿಲೆಂಡಿನಲ್ಲಿ ಸ್ಥಳದಲ್ಲೇ 400 ಡಾಲರ್ ದಂಡ. ಆಸ್ಟ್ರೇಲಿಯಾದಲ್ಲಿ ದಂಡದ ಜೊತೆ ವೀಸಾಕ್ಕೂ ಕುತ್ತು ಬರಬಹುದು. ಮರದ ಸಾಮಾನು, ಬಾಳೆನಾರಿನ ಸಾಮಾನು, ಉಣ್ಣೆಯ ಕಂಬಳಿಯನ್ನೂ ಅಲ್ಲಿ ಹೇಳಿಕೊಳ್ಳಬೇಕು. ಕಿನ್ನಾಳದ ಗೊಂಬೆಯನ್ನೋ ಆನೆಗೊಂದಿಯ ಬಾಳೆನಾರಿನ ಚೀಲವನ್ನೋ ಉಡುಗೊರೆಗೆ ಒಯ್ಯುವವರು ಇದನ್ನು ಮರೆಯಬೇಡಿ.

ಇನ್ನು ನಮ್ಮ ವಿಮಾನ ನಿಲ್ದಾಣದ್ದೇ ನಿಯಮ. ಬೆಂಗಳೂರಿನಿಂದ ಹೊರಡಿ, ಹೈದರಾಬಾದಿನಿಂದ ಹೊರಡಿ, ಒಣ ಕೊಬ್ಬರಿ ಗಿಟುಕನ್ನು ಸಾಮಾನಿನಲ್ಲಿ ಇಡಬೇಡಿ. ಅದರಲ್ಲಿ ಎಣ್ಣೆ ಜಾಸ್ತಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳುವ ಪದಾರ್ಥ ಎಂದು ವಿಮಾನದವರು ಲೆಕ್ಕ ಹಾಕುತ್ತಾರೆ. ಖಾರದ ಪುಡಿ, ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ದೊಡ್ಡ ಪೆಟ್ಟಿಗೆಯಲ್ಲಿರಲಿ. ಉಪ್ಪಿನಕಾಯಿ, ರಂಜಕದ (ಕೆಂಪು ಮೆಣಸಿನಕಾಯಿ ಚಟ್ನಿಯ) ಬಾಟಲಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಸೀರೆಯಿಂದ ದೂರ ಇಡಿ. ಎಲ್ಲ ಪೊಟ್ಟಣದ ಮೇಲೂ ಅದರಲ್ಲಿ ಏನಿದೆ ಎಂದು ಇಂಗ್ಲಿಷಿನಲ್ಲಿ ಬರೆದು ಅಂಟಿಸಿ. ಬೂದು ಬಣ್ಣದ, ಹೆಸರಿಲ್ಲದ ಪುಡಿಯ ಪೊಟ್ಟಣ ಯಾವ ಅಧಿಕಾರಿಗೂ ಇಷ್ಟವಾಗುವುದಿಲ್ಲ, ಅಲ್ವಾ?

ನಿಯಮಗಳು ಬದಲಾಗುತ್ತಿರುತ್ತವೆ. ಹೊರಡುವ ವಾರ ಆ ದೇಶದ ಕಸ್ಟಮ್ಸ್ ಇಲಾಖೆಯ ಪುಟವನ್ನೇ ತೆರೆದು ನೋಡಿ. ವಾಟ್ಸಾಪಿನಲ್ಲಿ ಬಂದ ಪಟ್ಟಿಯನ್ನು ನಂಬಬೇಡಿ.

ಅಲ್ಲಿಯ ಅಡುಗೆಮನೆ

ಹಾಸ್ಟೆಲ್ಲಿನ ಅಡುಗೆಮನೆ ಹಂಚಿಕೊಂಡದ್ದು. ಒಲೆ ಹೆಚ್ಚಾಗಿ ಕರೆಂಟಿನದು. ಚಾವಣಿಯಲ್ಲಿ ಹೊಗೆಯ ಅಲಾರಂ ಇರುತ್ತದೆ. ಒಣಮೆಣಸಿನಕಾಯಿ ಒಗ್ಗರಣೆ ಒಂದು ನಿಮಿಷ ಸೀದರೆ ಸಾಕು, ಇಡೀ ಕಟ್ಟಡದ ಜನ ಕೆಳಗೆ ಅಂಗಳದಲ್ಲಿ ನಿಲ್ಲುತ್ತಾರೆ. ಕಿಟಕಿ ತೆರೆದು, ಚಿಮಣಿ ಫ್ಯಾನ್ ಹಾಕಿ, ಸಣ್ಣ ಉರಿಯಲ್ಲಿ ಒಗ್ಗರಣೆ ಹಾಕಿ. ಮೆಣಸಿನಕಾಯಿಯನ್ನು ಕೊನೆಗೆ ಹಾಕಿ, ತಕ್ಷಣ ಈರುಳ್ಳಿ ಸುರಿದುಬಿಡಿ. ಅಲಾರಮ್ಮಿಗೆ ಪ್ಲಾಸ್ಟಿಕ್ ಮುಚ್ಚುವವರನ್ನು ನೋಡಿ ನೀವೂ ಹಾಗೆ ಮಾಡಬೇಡಿ. ಅದು ಅಪಾಯ, ಕೊಠಡಿ ಬಿಡಿಸುವಷ್ಟು ದೊಡ್ಡ ತಪ್ಪು.

ಜೋಳದ ಹಿಟ್ಟು ಇಂಡಿಯನ್ ಅಂಗಡಿಗಳಲ್ಲಿ ‘ಜುವಾರ್’ ಎಂಬ ಹೆಸರಿನಲ್ಲಿ, ಉಳಿದ ಅಂಗಡಿಗಳಲ್ಲಿ ‘ಸಾರ್ಗಮ್’ ಎಂಬ ಹೆಸರಿನಲ್ಲಿ ಸಿಗುತ್ತದೆ. ಬೀಸಿ ಎಷ್ಟು ತಿಂಗಳಾಗಿದೆ ಎಂದು ದಿನಾಂಕ ನೋಡಿಕೊಳ್ಳಿ. ಹಳೆಯ ಹಿಟ್ಟಿಗೆ ಜಿಗಿ ಇರುವುದಿಲ್ಲ, ಬಡಿಯುವಾಗ ಅಂಚು ಬಿರಿಯುತ್ತದೆ. ನಮ್ಮ ಎರೆಹೊಲದ ಹಿಂಗಾರಿ ಬಿಳಿಜೋಳದ ರುಚಿ, ಮೆದು ಅದರಲ್ಲಿ ಬರುವುದಿಲ್ಲ ಎಂಬುದು ನಿಜ. ಆದರೂ ರೊಟ್ಟಿ ಆಗುತ್ತದೆ. ಒಂದು ಬಟ್ಟಲು ಹಿಟ್ಟಿಗೆ ಹೆಚ್ಚು ಕಡಿಮೆ ಒಂದು ಬಟ್ಟಲು ನೀರು. ನೀರಿಗೆ ಉಪ್ಪು ಹಾಕಿ ಚೆನ್ನಾಗಿ ಕುದಿಸಿ, ಒಲೆ ಆರಿಸಿ, ಹಿಟ್ಟು ಸುರಿದು ಚಮಚದಿಂದ ಕಲಸಿ, ಐದು ನಿಮಿಷ ಮುಚ್ಚಿಡಿ. ಕೈ ತಾಳುವಷ್ಟು ಬಿಸಿ ಇರುವಾಗಲೇ ನಾದಿ. ಹಳೆಯ ಹಿಟ್ಟಾದರೆ ಈ ನಾದುವುದರಲ್ಲೇ ಎಲ್ಲ ಇದೆ, ಬೇಸರ ಮಾಡಿಕೊಳ್ಳಬೇಡಿ. ರಾತ್ರಿ ಹತ್ತು ಗಂಟೆಗೆ ಟಪಟಪ ಬಡಿದರೆ ಕೆಳಗಿನ ಮನೆಯವರು ಬಾಗಿಲು ತಟ್ಟುತ್ತಾರೆ. ಆಗ ಒಣಹಿಟ್ಟು ಉದುರಿಸಿ ಲಟ್ಟಣಿಗೆಯಿಂದಲೇ ಮಾಡಿ. ಹಂಚಿಗೆ ಹಾಕಿ, ಮೇಲ್ಭಾಗಕ್ಕೆ ಒದ್ದೆ ಬಟ್ಟೆಯಿಂದ ನೀರು ಸವರಿ, ನೀರು ಆರಿದ ಮೇಲೆ ತಿರುವಿ ಹಾಕಿ. ಬೆಂಕಿ ಇಲ್ಲದ ಒಲೆಯಲ್ಲೂ ಒಣ ಬಟ್ಟೆಯಿಂದ ಅಂಚು ಒತ್ತುತ್ತಾ ಹೋದರೆ ರೊಟ್ಟಿ ಉಬ್ಬುತ್ತದೆ.

ಮೊದಲ ಸಲಕ್ಕೆ ಒಗ್ಗರಣಿ

ಗೆಳೆಯರಿಗೆ ಮೊದಲ ಸಲ ಏನು ಮಾಡಿ ಹಾಕಲಿ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ, ಮಂಡಕ್ಕಿ ಒಗ್ಗರಣಿ. ಬಳ್ಳಾರಿ, ರಾಯಚೂರಿನ ಬೆಳಗಿನ ಹೋಟೆಲ್ಲುಗಳಲ್ಲಿ ಮಿರ್ಚಿ ಜೊತೆ ಕೊಡುತ್ತಾರಲ್ಲ, ಅದೇ. ಕೊಪ್ಪಳದ ಕಡೆ ಸೂಸಲ ಅನ್ನುವವರೂ ಇದ್ದಾರೆ. ಖರ್ಚು ಕಡಿಮೆ, ಅರ್ಧ ಗಂಟೆಯ ಕೆಲಸ. ಮಾಂಸ ಇಲ್ಲ, ಹಾಲು ಇಲ್ಲ, ಮೊಟ್ಟೆ ಇಲ್ಲ. ಹಾಗಾಗಿ ವೀಗನ್ ಗೆಳೆಯರೂ ತಿನ್ನಬಹುದು, ಹಲಾಲ್ ನೋಡುವವರೂ ತಿನ್ನಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಇಂಡಿಯನ್ ಹೋಟೆಲ್ಲಿನ ಮೆನುವಿನಲ್ಲಿ ಅದನ್ನು ಯಾರೂ ನೋಡಿರುವುದಿಲ್ಲ.

ಇಪ್ಪತ್ತು ಜನ ರುಚಿ ನೋಡಲು 1 ಕೆಜಿ ಮಂಡಕ್ಕಿ ಸಾಕು. ಅಂಗಡಿಯಲ್ಲಿ ‘ಮಮ್ರಾ’ ಎಂದು ಕೇಳಿ. ಅಲ್ಲಿ ಸಿಗುವುದು ತೆಳು ಮಂಡಕ್ಕಿ. ನೀರಲ್ಲಿ ನೆನೆಯಲು ಬಿಡಬೇಡಿ, ಮುಳುಗಿಸಿ ತಕ್ಷಣ ಎತ್ತಿ ಹಿಂಡಿ. ಮಂಡಕ್ಕಿಯನ್ನು ಮೊದಲೇ ತೋಯಿಸಿ ಇಡುವುದೂ ಬೇಡ, ಮುದ್ದೆಯಾಗುತ್ತದೆ. ಎಣ್ಣೆಗೆ ಸಾಸಿವೆ, ಜೀರಿಗೆ, ಹಸಿಮೆಣಸಿನಕಾಯಿ, ಕರಿಬೇವು, ಹೆಚ್ಚಿದ ಈರುಳ್ಳಿ. ಈರುಳ್ಳಿ ಮೆತ್ತಗಾದ ಮೇಲೆ ಟೊಮೆಟೊ, ಅರಿಶಿನ, ಉಪ್ಪು. ಅದಕ್ಕೆ ಹಿಂಡಿದ ಮಂಡಕ್ಕಿ ಹಾಕಿ, ಪುಟಾಣಿ ಪುಡಿ ಧಾರಾಳವಾಗಿ ಉದುರಿಸಿ, ಎರಡು ನಿಮಿಷ ಮಗುಚಿ ಇಳಿಸಿ. ಮೇಲೆ ನಿಂಬೆರಸ, ಕೊತ್ತಂಬರಿ. ಪುಟಾಣಿ ಪುಡಿಯಲ್ಲಿ ಜಿಪುಣತನ ಮಾಡಬೇಡಿ, ಒಗ್ಗರಣಿಗೆ ಮೈ ಬರುವುದೇ ಅದರಿಂದ. ಹಸಿಮೆಣಸಿನಕಾಯಿಯನ್ನು ಉದ್ದಕ್ಕೆ ಸೀಳಿ ಹಾಕಿದರೆ ಬೇಡದವರು ತೆಗೆದಿಟ್ಟು ತಿನ್ನಬಹುದು.

ಮಿರ್ಚಿ ಇಲ್ಲದ ಒಗ್ಗರಣಿ ಪೂರ್ತಿ ಒಗ್ಗರಣಿಯಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಎಷ್ಟೋ ಹಾಸ್ಟೆಲ್ಲುಗಳಲ್ಲಿ ಬಾಣಲೆ ತುಂಬ ಎಣ್ಣೆ ಕಾಯಿಸುವುದೇ ನಿಷಿದ್ಧ. ನಿಯಮ ಕೇಳಿಕೊಳ್ಳಿ. ಅವಕಾಶ ಇದ್ದರೆ ಕಡಿಮೆ ಖಾರದ ಉದ್ದ ಮೆಣಸಿನಕಾಯಿ ಹುಡುಕಿ. ಜರ್ಮನಿಯಲ್ಲಿ ಟರ್ಕಿಯವರ ಅಂಗಡಿಗಳಲ್ಲಿ ಅಂಥವು ಸಿಗುತ್ತವೆ. ಬೀಜ ತೆಗೆದು, ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯಿರಿ. ಊರಿನ ಖಾರವನ್ನು ಮೊದಲ ದಿನವೇ ತಿನ್ನಿಸಿ ಜನ ಒದ್ದಾಡುವುದನ್ನು ನೋಡಿ ಖುಷಿಪಡುವವರಿದ್ದಾರೆ. ಅದು ಉಪಚಾರವಲ್ಲ. ಖಾರವನ್ನು ಪಕ್ಕದಲ್ಲಿ ಬೇರೆ ಬಟ್ಟಲಲ್ಲಿಡಿ, ಬೇಕಾದವರು ಹಾಕಿಕೊಳ್ಳಲಿ.

ಆಮೇಲೆ ರೊಟ್ಟಿ ಊಟ

ರೊಟ್ಟಿ ಊಟಕ್ಕೆ ಆರೆಂಟು ಜನಕ್ಕಿಂತ ಹೆಚ್ಚು ಕರೆಯಬೇಡಿ. ಎಣಗಾಯಿ, ಒಂದು ಕಾಳಿನ ಪಲ್ಯ ಅಥವಾ ಝುಣಕ, ಚಟ್ನಿಪುಡಿ, ಮೊಸರು, ಹಸಿ ಈರುಳ್ಳಿ, ಸೌತೆಕಾಯಿ, ಮೆಂತ್ಯೆ ಸೊಪ್ಪು ಸಿಕ್ಕರೆ ಮೆಂತ್ಯೆ ಸೊಪ್ಪು. ಇಷ್ಟೇ ಸಾಕು. ಸಣ್ಣ ಬದನೆಕಾಯಿ ಏಷ್ಯನ್ ಅಂಗಡಿಗಳಲ್ಲಿ ಸಿಗುತ್ತವೆ. ಸೂಪರ್ ಮಾರ್ಕೆಟ್ಟಿನ ದೊಡ್ಡ ಕರಿ ಬದನೆಕಾಯಿಯಲ್ಲಿ ಎಣಗಾಯಿ ಮಾಡಲು ಹೋಗಬೇಡಿ. ಅದನ್ನು ಸುಟ್ಟು ಬರ್ತ ಮಾಡಿದರೆ ಚೆನ್ನಾಗಿರುತ್ತದೆ.

ಬಂದವರನ್ನು ಸುಮ್ನೆ ಕೂರಿಸಿ ಬಡಿಸಬೇಡಿ. ಅಡುಗೆಮನೆಗೆ ಕರೆಯಿರಿ. ಒಬ್ಬರು ಹಿಟ್ಟು ನಾದಲಿ, ಒಬ್ಬರು ಬಡಿಯಲಿ, ಒಬ್ಬರು ಶೇಂಗಾ ಸಿಪ್ಪೆ ತಿಕ್ಕಲಿ. ಮೊದಲ ರೊಟ್ಟಿ ಭಾರತದ ನಕ್ಷೆಯಂತೆ ಆಗುತ್ತದೆ, ಆಗಲಿ. ತಾನು ಬಡಿದ ರೊಟ್ಟಿ ತಾನು ತಿಂದವರು ಅದನ್ನು ಮರೆಯುವುದಿಲ್ಲ. ನಮ್ಮ ಮನೆಗಳಲ್ಲೂ ಹೊಸಬರು ನಮ್ಮವರಾಗುವುದು ಒಲೆಯ ಮುಂದೆ ಕೂತಾಗಲೇ. ಕೈಯಿಂದ ರೊಟ್ಟಿ ಮುರಿದು ಪಲ್ಯ ಹಿಡಿಯುವುದನ್ನು ನೀವು ತಿನ್ನುತ್ತಾ ತೋರಿಸಿ, ಜೊತೆಗೆ ಚಮಚವನ್ನೂ ಇಡಿ.

ಇನ್ನೊಂದು ಮಾತು. ನಿಮ್ಮ ಮನೆಯ ಊಟ ಮಾಂಸದ್ದಾಗಿದ್ದರೆ ಅದನ್ನೇ ಮಾಡಿ. ಜೋಳದ ರೊಟ್ಟಿ, ಮಟನ್ ಸಾರು ನಮ್ಮ ಭಾಗದ್ದೇ ಊಟ. ರಾಯಚೂರಿನ ದಖನಿ ಉರ್ದು ಮಾತಾಡುವ ಮನೆಗಳ ಬಿರಿಯಾನಿಯೂ ನಮ್ಮದೇ. ಊರಿನ ಊಟ ಎಂದರೆ ಒಂದೇ ಥರದ್ದು ಎಂದು ಯಾರಿಗೂ ಹೇಳಿಕೊಡಬೇಡಿ.

ಶೇಂಗಾ, ಎಳ್ಳು, ಇಂಗು: ಇದನ್ನು ಓದದೆ ಯಾರಿಗೂ ಬಡಿಸಬೇಡಿ

ನಮ್ಮ ಅಡುಗೆಯಲ್ಲಿ ಶೇಂಗಾ ಇಲ್ಲದ ಪದಾರ್ಥ ಹುಡುಕಬೇಕು. ಆದರೆ ಶೇಂಗಾ ಅಲರ್ಜಿ ಇರುವವರಿಗೆ ಅದರ ಪುಡಿಯ ಒಂದು ಚೂರು ಹೊಟ್ಟೆಗೆ ಹೋದರೂ ಉಸಿರು ಕಟ್ಟಬಹುದು, ಜೀವಕ್ಕೇ ಅಪಾಯವಾಗಬಹುದು. ಊರಿನಲ್ಲಿ ಇಂಥವರನ್ನು ನಾವು ಹೆಚ್ಚಾಗಿ ನೋಡಿರುವುದಿಲ್ಲ. ಅಲ್ಲಿ ನಿಮ್ಮ ತರಗತಿಯಲ್ಲೇ ಇರಬಹುದು. ಹಾಗಾಗಿ ಕರೆಯುವಾಗಲೇ ಕೇಳಿ, ‘ಯಾವುದಾದರೂ ಅಲರ್ಜಿ ಇದೆಯಾ?’

ಇಂಗ್ಲೆಂಡ್ ಮತ್ತು ಯುರೋಪಿಯನ್ ಒಕ್ಕೂಟದಲ್ಲಿ 14 ಅಲರ್ಜಿ ಪದಾರ್ಥಗಳ ಪಟ್ಟಿ ಇದೆ. ಶೇಂಗಾ, ಎಳ್ಳು, ಗೋಧಿಯಂಥ ಗ್ಲೂಟೆನ್ ಇರುವ ಧಾನ್ಯ, ಹಾಲು ಅದರಲ್ಲಿವೆ. ಸಾಸಿವೆಯೂ ಇದೆ. ಅಂದರೆ ನಮ್ಮ ಪ್ರತಿ ಒಗ್ಗರಣೆಯನ್ನೂ ಬರೆದು ತೋರಿಸಬೇಕು. ಅಮೆರಿಕದ ಪಟ್ಟಿಯಲ್ಲಿ 9 ಇವೆ. 2023ರ ಜನವರಿ 1ರಿಂದ ಎಳ್ಳೂ ಸೇರಿದೆ. ಸಂಕ್ರಾಂತಿಗೆ ಎಳ್ಳು ಬೆಲ್ಲ ಹಂಚುವವರು ನೆನಪಿಡಿ.

ಜೋಳದಲ್ಲಿ ಗ್ಲೂಟೆನ್ ಇಲ್ಲ. ಗೋಧಿ ತಿನ್ನಲಾಗದ ಗೆಳೆಯರಿಗೆ ರೊಟ್ಟಿ ದೊಡ್ಡ ಖುಷಿ ಕೊಡುತ್ತದೆ. ಆದರೆ ಮೋಸವಾಗುವುದು ಇಂಗಿನಲ್ಲಿ. ಅಂಗಡಿಯ ಪುಡಿ ಇಂಗಿನಲ್ಲಿ ಹೆಚ್ಚಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಅಂಥವರಿಗೆ ಮಾಡುವಾಗ ಇಂಗು ಬಿಡಿ, ಚಪಾತಿ ಹಿಟ್ಟು ಬಿದ್ದ ಲಟ್ಟಣಿಗೆಯನ್ನೂ ಬಳಸಬೇಡಿ. ಗೋಧಿಯ ಮಾದಲಿಯೂ ಅವರಿಗಲ್ಲ.

ಶೇಂಗಾ ಬದಲು ಎಣಗಾಯಿಗೆ ಹುರಿದ ಸೂರ್ಯಕಾಂತಿ ಬೀಜ, ಪುಟಾಣಿ, ಕೊಬ್ಬರಿ ಹಾಕಿ ಮಸಾಲೆ ಮಾಡಬಹುದು. ಸೂರ್ಯಕಾಂತಿ ನಮ್ಮ ಹೊಲದ್ದೇ ಬೆಳೆಯಲ್ಲವೇ? ರುಚಿ ಸ್ವಲ್ಪ ಬೇರೆ, ಕೆಟ್ಟದ್ದಲ್ಲ. ಶೇಂಗಾ ಚಟ್ನಿಪುಡಿ ಇಡುವುದಾದರೆ ಬೇರೆ ಟೇಬಲ್, ಬೇರೆ ಚಮಚ. ತೀವ್ರ ಅಲರ್ಜಿ ಇರುವವರು ಬರುವ ದಿನ ಶೇಂಗಾ ಡಬ್ಬಿಯನ್ನು ತೆರೆಯಲೇಬೇಡಿ. ಪ್ರತಿ ಪಾತ್ರೆಯ ಮುಂದೆ ಒಂದು ಚೀಟಿ: ಹೆಸರು, ಏನೇನು ಹಾಕಿದೆ, ಖಾರ ಎಷ್ಟು.

ಉಡುಗೆ

ಒಂದು ಇಳಕಲ್ಲ ಸೀರೆ ಒಯ್ಯಿರಿ. ಇಳಕಲ್ಲು ಬಾಗಲಕೋಟೆ ಜಿಲ್ಲೆಗೆ ಸೇರಿದರೂ ಕುಷ್ಟಗಿಯಿಂದ ಬಸ್ಸು ಹತ್ತಿದರೆ ಗಂಟೆಯೊಳಗೆ ಅಲ್ಲಿರುತ್ತೀರಿ. ಸೀರೆ ಕೊಳ್ಳುವಾಗ ಮಗ್ಗದ ಮನೆಗೇ ಹೋಗಿ ನೋಡಿ. ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಒಡಲು ಹತ್ತಿಯದು, ಸೆರಗು ರೇಷ್ಮೆಯದು, ಆದರೂ ಒಂದೇ ಬಟ್ಟೆ. ಅಲ್ಲಿ ಸೀರೆ ತೋರಿಸುವಾಗ ಈ ಸೇರುವ ಜಾಗವನ್ನು ಬೆರಳಿಟ್ಟು ತೋರಿಸಿ. ಟೋಪ ತೆನಿ ಸೆರಗಿನ ಕೆಂಪು ಬಿಳಿ ಸಾಲುಗಳನ್ನು, ಚಿಕ್ಕಿ ಪರಾಸ, ಗೋಮಿ, ಗಾಯತ್ರಿ ದಡಿಗಳನ್ನು ಹೆಸರಿಟ್ಟು ಹೇಳಿ. ಫ್ಯಾಷನ್, ಎಂಜಿನಿಯರಿಂಗ್ ಓದುವವರು ಅರ್ಧ ಗಂಟೆ ಅದನ್ನೇ ನೋಡುತ್ತಾ ನಿಲ್ಲುತ್ತಾರೆ.

ನನ್ನ ಸಲಹೆ ಹತ್ತಿಯ ಒಡಲಿನದ್ದೇ ಇರಲಿ. ಮೈಮೇಲೆ ನಿಲ್ಲುತ್ತದೆ, ನೆರಿಗೆ ಜಾರುವುದಿಲ್ಲ. ರಾಜ್ಯೋತ್ಸವ, ಸಂಕ್ರಾಂತಿ ಎರಡೂ ಯುರೋಪ್, ಅಮೆರಿಕದಲ್ಲಿ ಚಳಿಯಲ್ಲೇ ಬರುತ್ತವೆ. ಲಂಗದ ಬದಲು ದಪ್ಪ ಥರ್ಮಲ್ ಲೆಗ್ಗಿಂಗ್ಸ್ ಮೇಲೆ ಉಡಿ. ಗುಳೇದಗುಡ್ಡದ ಖಣದಲ್ಲಿ ಉದ್ದ ತೋಳಿನ ಕುಪ್ಪಸ ಹೊಲಿಸಿಕೊಂಡು ಹೋಗಿ, ಅಲ್ಲಿ ಹೊಲಿಗೆ ಬಹಳ ದುಬಾರಿ. ಸೀರೆಯನ್ನು ಮೊದಲ ಸಲ ಉಪ್ಪು ಹಾಕಿದ ತಣ್ಣೀರಿನಲ್ಲಿ ಬೇರೆಯಾಗಿ ಒಗೆಯಿರಿ. ಹಾಸ್ಟೆಲ್ಲಿನ ವಾಷಿಂಗ್ ಮಷಿನ್ನಿಗೆ ಹಾಕಬೇಡಿ. ಆ ಕೆಂಪು ಯಾರದೋ ಬಿಳಿ ಅಂಗಿಗೆ ಹತ್ತುತ್ತದೆ.

ಬೇರೆಯವರಿಗೆ ಉಡಿಸಲು ಇನ್ನೊಂದು ಸಾದಾ ಸೀರೆ, ಎಲಾಸ್ಟಿಕ್ ಇರುವ ಲಂಗ, ಒಂದು ಡಬ್ಬಿ ಪಿನ್ನು ಇಟ್ಟುಕೊಳ್ಳಿ. ಅವ್ವನ ಮದುವೆ ಸೀರೆಯನ್ನು ಇದಕ್ಕೆ ಬಳಸಬೇಡಿ. ಒಬ್ಬರಿಗೆ ಉಡಿಸಲು ಹತ್ತು ನಿಮಿಷವಾದರೂ ಬೇಕು. ಉದ್ದ ಸಾಲು ನಿಂತರೆ ಸೆರಗು ಹೊದಿಸಿ ಕಳಿಸುವ ಅವಸರ ಬೇಡ, ಕೆಲವರಿಗಷ್ಟೇ ಸಮಾಧಾನವಾಗಿ ಉಡಿಸಿ. ಮೈ ಮುಟ್ಟುವ ಮೊದಲು ಕೇಳಿ.

ಗಂಡುಮಕ್ಕಳಿಗೆ ಬಿಳಿ ಧೋತರ, ಅಂಗಿ, ಹೆಗಲ ಮೇಲೊಂದು ವಲ್ಲಿ, ರುಮಾಲು. ಇದೇ ನಮ್ಮ ಹೊಲದ, ಜಾತ್ರೆಯ ಉಡುಗೆ. ಬಾಡಿಗೆಗೆ ಸಿಗುವ ಮಿರುಗುವ ಶೇರವಾನಿಗಿಂತ ಇದು ಎಷ್ಟೋ ಚಂದ. ಬಳ್ಳಾರಿಯವರು ಇನ್ನೊಂದು ಮಾತನ್ನೂ ಹೇಳಬಹುದು. ಜೀನ್ಸ್ ಹೊಲಿಗೆಗೆ ಹೆಸರಾದ ಊರು ನಮ್ಮದು ಅಂತ. ಕೇಳಿದವರು ತಮ್ಮ ಪ್ಯಾಂಟನ್ನೊಮ್ಮೆ ನೋಡಿಕೊಳ್ಳುತ್ತಾರೆ.

ಸಂಡೂರಿನ ಲಂಬಾಣಿ ಕಸೂತಿಯ ಬಗ್ಗೆ ಸ್ವಲ್ಪ ಎಚ್ಚರದಿಂದ ಹೇಳುತ್ತೇನೆ. ನೀವು ತಾಂಡಾದವರಾಗಿದ್ದರೆ, ಅಂದರೆ ಲಂಬಾಣಿಗರ ಹಟ್ಟಿಯವರಾಗಿದ್ದರೆ, ನಿಮ್ಮ ಅಜ್ಜಿಯ ಫೇಟಿಯಾ ಲಂಗ, ಕಾಂಚಳಿ ಕುಪ್ಪಸವನ್ನು ಹೆಮ್ಮೆಯಿಂದ ಒಯ್ಯಿರಿ, ನೀವೇ ಅದರ ಮಾತು ಆಡಿ. ನೀವು ತಾಂಡಾದವರಲ್ಲದಿದ್ದರೆ ಆ ಉಡುಗೆಯನ್ನು ವೇಷದ ಹಾಗೆ ಹಾಕಿಕೊಂಡು ಕುಣಿಯುವುದು ಸರಿಯಲ್ಲ ಎಂದು ನನಗನ್ನಿಸುತ್ತದೆ. ಬದಲಿಗೆ ಸಂಡೂರು ಕುಶಲ ಕಲಾ ಕೇಂದ್ರದಿಂದ ಒಂದು ಚೀಲ, ಒಂದು ದಿಂಬಿನ ಹೊದಿಕೆ ಕೊಂಡು ಒಯ್ಯಿರಿ. ಅದನ್ನು ಹೊಲಿದವರು ಯಾರು ಎಂದು ಹೇಳಿ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ ಆ ಕೇಂದ್ರದ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಮಾಡಿದ 1,755 ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ಇದನ್ನು ಒಂದು ಚೀಟಿಯಲ್ಲಿ ಬರೆದಿಡಿ.

ಸೂಜಿ ಹಿಡಿಯಲು ಬರುವವರು ಉತ್ತರ ಕರ್ನಾಟಕದ, ಎಳೆ ಎಣಿಸಿ ಹಾಕುವ ಕಸೂತಿಯನ್ನು ಕಲಿಸಬಹುದು. ಎಳೆ ಎಣಿಸಲು ಬರುವಂಥ ದಪ್ಪ ಬಟ್ಟೆಯ ಚೂರುಗಳು, ಬಣ್ಣದ ದಾರ, ಮೊಂಡು ಸೂಜಿ ಇದ್ದರೆ ಸಾಕು. ಅದರ ಗವಂತಿ ಎಂಬ ಹೊಲಿಗೆಯಲ್ಲಿ ಗಂಟು ಹಾಕುವುದಿಲ್ಲ, ಬಟ್ಟೆಯ ಎರಡೂ ಬದಿ ಒಂದೇ ಥರ ಕಾಣುತ್ತದೆ. ಒಂದು ಸಣ್ಣ ಗೋಪುರದ ಚಿತ್ತಾರ ಮುಗಿಸಲು ಒಂದು ಸಂಜೆ ಹಿಡಿಯುತ್ತದೆ. ಆ ಸಂಜೆಯೆಲ್ಲ ಮಾತು ತಾನಾಗಿ ನಡೆಯುತ್ತದೆ.

ಮನೆಯ ಒಡತಿಗೋ ಮೇಷ್ಟ್ರಿಗೋ ಉಡುಗೊರೆ ಕೊಡಬೇಕಾದರೆ ಖಣ ಒಳ್ಳೆಯದು. ಹಗುರ, ಪೆಟ್ಟಿಗೆಯ ಮೂಲೆಯಲ್ಲಿ ಕೂರುತ್ತದೆ. ಮನೆಗೆ ಬಂದ ಹೆಣ್ಣುಮಕ್ಕಳಿಗೆ ಉಡಿ ತುಂಬಿ ಖಣ ಕೊಟ್ಟು ಕಳಿಸುತ್ತೇವೆ ಎಂದು ಹೇಳಿ ಕೊಡಿ.

ಕೇಳಿದ್ದಕ್ಕೆ ಉತ್ತರ

ಭಾಷಣ ಬೇಡ, ಎರಡು ಮೂರು ಸಂಗತಿ ತಿಳಿದುಕೊಂಡಿರಿ. ಅಕ್ಕಿಯ ಬಗ್ಗೆ ಕೇಳಿದರೆ ತುಂಗಭದ್ರಾ ಅಣೆಕಟ್ಟಿನ ಕಾಲುವೆ ಬಂದ ಮೇಲೆ ಗಂಗಾವತಿ, ಸಿಂಧನೂರು ಭತ್ತದ ನಾಡಾದವು, ಅದಕ್ಕೂ ಮೊದಲು ನಮ್ಮದು ಜೋಳದ ಸೀಮೆ ಎಂದು ಹೇಳಿ. ಜೋಳದ ಬಗ್ಗೆ ಕೇಳಿದರೆ 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯಗಳ ವರ್ಷ ಎಂದು ಆಚರಿಸಿತ್ತು, ಅದರಲ್ಲಿ ಜೋಳವೂ ಇತ್ತು ಎನ್ನಿ. ರಾಜ್ಯೋತ್ಸವಕ್ಕೆ ಟೇಬಲ್ ಹಾಕುವವರು ಬಳ್ಳಾರಿ 1953ರಲ್ಲಿ, ರಾಯಚೂರು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ್ದನ್ನು ಹೇಳಬಹುದು. ಒಂದು ಮದ್ರಾಸಿನಿಂದ, ಇನ್ನೊಂದು ಹೈದರಾಬಾದಿನಿಂದ ಬಂದದ್ದು. ನಮ್ಮ ಊಟದಲ್ಲಿ ತೆಲುಗಿನ, ದಖನಿಯ ರುಚಿ ಏಕಿದೆ ಎಂಬುದು ಅದರಲ್ಲೇ ತಿಳಿಯುತ್ತದೆ.

ಅವರ ಅಡುಗೆಯನ್ನೂ ಕೇಳಿ, ತಿನ್ನಿ. ಇಥಿಯೋಪಿಯಾದವರು ಟೆಫ್ ಎಂಬ ಸಣ್ಣ ಕಾಳಿನ ಹಿಟ್ಟು ಹುಳಿ ಬರಿಸಿ ಇಂಜೆರಾ ಮಾಡುತ್ತಾರೆ, ಜೋಳದಲ್ಲೂ ಮಾಡುವುದುಂಟು. ಅವರ ಜೊತೆ ರೊಟ್ಟಿಯ ಮಾತು ಬಹಳ ಬೇಗ ಕೂಡುತ್ತದೆ.

ಡಬ್ಬಿ ಖಾಲಿಯಾದ ಮೇಲೆ

ಮನೆಯಿಂದ ಪಾರ್ಸೆಲ್ ತರಿಸಬಹುದು. ಅಂಚೆಯ ಅಂತರರಾಷ್ಟ್ರೀಯ ಸ್ಪೀಡ್ ಪೋಸ್ಟ್ ಇದೆ, ಖಾಸಗಿ ಕೊರಿಯರುಗಳೂ ಇವೆ. ಪೆಟ್ಟಿಗೆಗೆ ಇರುವ ನಿಯಮಗಳೇ ಪಾರ್ಸೆಲ್ಲಿಗೂ ಅನ್ವಯಿಸುತ್ತವೆ. ತುಪ್ಪ, ಪೇಢೆ, ಕಾಳು ಹಾಕದಂತೆ ಮನೆಯವರಿಗೆ ಹೇಳಿ. ಕಸ್ಟಮ್ಸ್ ಫಾರಂನಲ್ಲಿ ಒಳಗಿರುವ ಒಂದೊಂದು ವಸ್ತುವಿನ ಹೆಸರು, ತೂಕ, ಬೆಲೆ ಬರೆಯಬೇಕು. ‘ತಿಂಡಿ’ ಎಂದಷ್ಟೇ ಬರೆದರೆ ತಡೆದು ನಿಲ್ಲಿಸುತ್ತಾರೆ. ಮನೆಯವರು ಕಳಿಸಿದ ಉಡುಗೊರೆಗೆ ಇಂಗ್ಲೆಂಡಿನಲ್ಲಿ 39 ಪೌಂಡಿನವರೆಗೆ, ಯುರೋಪಿಯನ್ ಒಕ್ಕೂಟದಲ್ಲಿ 45 ಯೂರೋವರೆಗೆ ತೆರಿಗೆ ಇಲ್ಲ. ಅದಕ್ಕಿಂತ ಬೆಲೆಯ ಸೀರೆಯನ್ನು ಪಾರ್ಸೆಲ್ಲಿನಲ್ಲಿ ತರಿಸುವ ಬದಲು ರಜೆಗೆ ಬಂದಾಗ ನೀವೇ ಒಯ್ಯಿರಿ. ಚಟ್ನಿಪುಡಿಯನ್ನು ಮಾತ್ರ ಬೇಸಿಗೆಯಲ್ಲಿ ಕಳಿಸಬೇಡಿ ಎನ್ನಿ. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಶೇಂಗಾ ಎಣ್ಣೆ ಬಿಟ್ಟು ಪೊಟ್ಟಣವೆಲ್ಲ ಒದ್ದೆಯಾಗುತ್ತದೆ. ಮಳೆಗಾಲ ಕಳೆದ ಮೇಲೆ, ದಸರಾ ಹೊತ್ತಿಗೆ ಕಳಿಸಿದರೆ ಗರಿಗರಿಯಾಗಿ ತಲುಪುತ್ತದೆ.